ಒಂದು ಬ್ಯಾಗ್ ರಕ್ತ, ಮೂರು ಎಕ್ಸ್‌ಪೈರಿ ಡೇಟ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಾಸಿನ ಹುಡುಗನೊಬ್ಬನಿಗೆ ಡೆಂಗ್ಯೂ ಬಂತು. ಒಸಡಲ್ಲಿ ರಕ್ತ ಬರೋಕೆ ಶುರುವಾಯ್ತು, ಪ್ಲೇಟ್‌ಲೆಟ್ 9 ಸಾವಿರಕ್ಕೆ ಇಳಿದಿತ್ತು. ಇರಬೇಕಾದದ್ದು ಮೈಕ್ರೋಲೀಟರಿಗೆ 1.5 ರಿಂದ 4.5 ಲಕ್ಷ. ಹತ್ತು ದಿನದ ಹಿಂದಷ್ಟೇ ಕಾಲೇಜಲ್ಲಿ ರಕ್ತದಾನ ಶಿಬಿರ ಆಗಿತ್ತಲ್ಲ, 'ಆ ರಕ್ತಾನೇ ಕೊಡಿ ಸರ್' ಅಂತ ಬ್ಲಡ್ ಬ್ಯಾಂಕಲ್ಲಿ ಕೇಳಿದ್ವಿ. 'ಅದರ ಪ್ಲೇಟ್‌ಲೆಟ್ ಅವಧಿ ಯಾವಾಗಲೋ ಮುಗೀತು' ಅಂದ್ರು ಟೆಕ್ನಿಷಿಯನ್. ರಕ್ತ ಅಂದ್ರೆ ಒಂದೇ ವಸ್ತು ಅಂದುಕೊಂಡಿದ್ದ ನಮಗೆ ತಲೆಬುಡ ಅರ್ಥ ಆಗಲಿಲ್ಲ.

ನಾವು ಕೊಟ್ಟ ರಕ್ತವನ್ನು ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸ್ತಾರೆ. ಭಾರವಾದ ಕೆಂಪು ಕಣ ತಳಕ್ಕೆ ಹೋಗುತ್ತೆ, ತಿಳಿ ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತೆ. ಎಲ್ಲಾ ಸಾಂದ್ರತೆಯ ಆಟ. ಬಿಳಿ ರಕ್ತಕಣ ನಮ್ಮೊಳಗೆ ಸೋಂಕಿನ ಜೊತೆ ಹೋರಾಡುತ್ತೆ ನಿಜ, ಆದರೆ ಬೇರೆಯವರ ಮೈಗೆ ಹೋದರೆ ಜ್ವರ ತರಿಸಬಹುದು. ಅದಕ್ಕೆ ಅದನ್ನು ಎಷ್ಟೋ ಸಲ ಸೋಸಿ ತೆಗೀತಾರೆ.

ಆಮ್ಲಜನಕ ಹೊರುವ ಕೆಂಪು ಕಣ 2 ರಿಂದ 6 ಡಿಗ್ರಿ ಫ್ರಿಜ್ಜಲ್ಲಿ 35–42 ದಿನ ಇರುತ್ತೆ. ಪ್ಲಾಸ್ಮಾದಲ್ಲಿ ಸುಮಾರು ಶೇ. 90 ನೀರೇ, ಉಳಿದದ್ದು ಪ್ರೋಟೀನ್, ಉಪ್ಪು, ಸಕ್ಕರೆ ಇತ್ಯಾದಿ. ಹೆಪ್ಪುಗಟ್ಟಿಸಿ ಇಟ್ಟರೆ ವರ್ಷ ಬಾಳುತ್ತೆ.

ತಕರಾರು ಇರೋದೇ ಪ್ಲೇಟ್‌ಲೆಟ್‌ದು. ಇದು ಪೂರ್ತಿ ಕಣವೂ ಅಲ್ಲ, ಮೂಳೆಮಜ್ಜೆಯ ದೊಡ್ಡ ಕಣಗಳಿಂದ ಉದುರಿದ ಚೂರು. ಗಾಯ ಆದಲ್ಲಿ ಹೋಗಿ ಅಂಟಿಕೊಂಡು ರಕ್ತ ನಿಲ್ಲಿಸೋದು ಇದರ ಕೆಲಸ. ಫ್ರಿಜ್ಜಲ್ಲಿಟ್ಟರೆ ಆಕಾರ ಕೆಟ್ಟು, ರೋಗಿಯ ದೇಹ ಅದನ್ನು ಬೇಗ ಹೊರಹಾಕುತ್ತೆ. ಹಾಗಾಗಿ 20–24 ಡಿಗ್ರಿಯಲ್ಲಿ, ತೊಟ್ಟಿಲು ತೂಗಿದ ಹಾಗೆ ಮೆಷಿನ್ನಿನಲ್ಲಿ ತೂಗ್ತಾ ಇಡಬೇಕು. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾಗೂ ಹಬ್ಬ! ಅದಕ್ಕೇ ಸಾಮಾನ್ಯವಾಗಿ 5 ದಿನ, ಅಷ್ಟೇ.

ಅಂದ್ರೆ ಅವತ್ತು ಬೇಕಾಗಿದ್ದು ಅವತ್ತೇ ಕೊಡೋ ಜನ. ನಾಲ್ಕು ಜನ ಹೋದ್ವಿ. ತಲೆನೋವಿಗೆ ಆಸ್ಪಿರಿನ್ ನುಂಗಿದ್ದವನನ್ನು ವಾಪಸ್ ಕಳಿಸಿದ್ರು. ಅದು ಪ್ಲೇಟ್‌ಲೆಟ್‌ನ ಅಂಟೋ ಶಕ್ತಿಯನ್ನೇ ಕೆಡಿಸುತ್ತಂತೆ. ಇನ್ನಿಬ್ಬರಿಗೆ ಕೈಯ ನರ ಸಣ್ಣದು. ಉಳಿದವನನ್ನು ಒಂದೂವರೆ ಗಂಟೆ ಅಫೆರೆಸಿಸ್ ಮೆಷಿನ್ ಪಕ್ಕ ಮಲಗಿಸಿದ್ರು. ಅದು ರಕ್ತ ಎಳೆದು, ಪ್ಲೇಟ್‌ಲೆಟ್ ಮಾತ್ರ ಇಟ್ಟುಕೊಂಡು, ಕೆಂಪು ಕಣವನ್ನೆಲ್ಲ ಅವನಿಗೇ ವಾಪಸ್ ಕೊಡ್ತು. ಬ್ಯಾಗಲ್ಲಿ ತುಂಬಿದ್ದು ಕೆಂಪಲ್ಲ, ಮಾವಿನ ರಸಾಯನ ನೀರು ಮಾಡಿದಂಥ ಹಳದಿ.

ಈಗ ಹಾಸ್ಟೆಲ್ ಲಿಸ್ಟಲ್ಲಿ ಬ್ಲಡ್ ಗ್ರೂಪ್ ಪಕ್ಕ ಇನ್ನೊಂದು ಕಾಲಂ ಹಾಕಿದ್ದೀವಿ: 'ಪ್ಲೇಟ್‌ಲೆಟ್‌ಗೆ ರೆಡಿನಾ?'