ಜಾಲಿಯ ಬೇರು, ಟ್ರಾಕ್ಟರಿನ ತೋಳು

ಮರ ಕಡಿಯುವುದು ಒಂದು ಕೆಲಸ; ಮರ ಕೀಳುವುದು ಬೇರೆಯೇ ಒಂದು ಕೆಲಸ. ಕೊಡಲಿ ಹಿಡಿಯಬಲ್ಲವನು ಮೊದಲನೆಯದನ್ನು ಒಂದು ಗಳಿಗೆಯಲ್ಲಿ ಮುಗಿಸಿಬಿಡುತ್ತಾನೆ. ಎರಡನೆಯದು ನೆಲದೊಳಗಿನ ಕೆಲಸ. ಬೇರು ಎಷ್ಟು ಆಳಕ್ಕಿಳಿದಿದೆ, ಯಾವ ಭಾಗವನ್ನು ಬಿಟ್ಟರೆ ಮತ್ತೆ ಚಿಗುರುತ್ತದೆ ಎಂಬುದು ಮೇಲೆ ನಿಂತವನಿಗೆ ಕಾಣುವುದಿಲ್ಲ.

ಪಟ್ಟಣ ಸೇರಿರುವ ನಮ್ಮ ಅನೇಕ ಕುಟುಂಬಗಳಿಗೆ ಹುಟ್ಟೂರಿನಲ್ಲಿ ಎರಡೋ ಮೂರೋ ಎಕರೆ ಹೊಲ ಇರುವುದುಂಟು. ನೋಡಿಕೊಳ್ಳುವವರಿಲ್ಲದೆ ನಾಲ್ಕಾರು ಮಳೆಗಾಲ ಬೀಳುಬಿಟ್ಟರೆ ಸಾಕು, ಹೊಲದ ತುಂಬ ಮುಳ್ಳುಮರ ಎದ್ದು ನಿಲ್ಲುತ್ತದೆ. ಆಗ ಊರಿನಿಂದ ಅಣ್ಣನದೋ ಚಿಕ್ಕಪ್ಪನದೋ ಕರೆ ಬರುತ್ತದೆ: “ಟ್ರಾಕ್ಟರಿಗೆ ಮರ ಕೀಳೋ ಇಕ್ಕಳ ಮಾಡಿಸ್ತಾ ಇದ್ದೀವಪ್ಪ, ನಿನ್ನ ಪಾಲಿನ ದುಡ್ಡು ಕಳಿಸು.” ಕಳುಹಿಸಬೇಕೆ, ಬೇಡವೆ? ಇದು ಹಣದ ಪ್ರಶ್ನೆಯಷ್ಟೇ ಅಲ್ಲ. ಟ್ರಾಕ್ಟರಿನ ಮೇಲೆ ಕುಳಿತಿರುವವನ ಪ್ರಾಣದ ಪ್ರಶ್ನೆಯೂ ಹೌದು. ಆದುದರಿಂದ ಈ ಸಾಧನದ ಗುಣಾವಗುಣಗಳನ್ನು ಪಟ್ಟಣದಲ್ಲಿರುವ ಪಾಲುದಾರರೂ ತಿಳಿದಿರುವುದು ಒಳ್ಳೆಯದು.

ಒಂದೇ ಜಿಲ್ಲೆ, ಹಲವು ನೆಲ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲೂಕಿನಲ್ಲಿ ಸೂರಗೊಂಡನಕೊಪ್ಪ ಎಂಬ ಊರಿದೆ. ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಈ ಊರಿಗೆ ಪ್ರಸಿದ್ಧಿ. ಪ್ರತಿವರ್ಷ ಫೆಬ್ರುವರಿ ತಿಂಗಳಲ್ಲಿ ಜಯಂತಿಗೆಂದು ದೂರದೂರದಿಂದ ಜನ ಬಂದು ಸೇರುತ್ತಾರೆ. ರೈಲು ಬರುವ ಮೊದಲು ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸಧಾನ್ಯಗಳನ್ನು ಹೇರಿಕೊಂಡು ದೇಶದ ಉದ್ದಗಲ ಸಂಚರಿಸಿದವರು ಬಂಜಾರರು. ಅವರ ವಂಶದವರಲ್ಲಿ ಅನೇಕರು ಇಂದು ಬೇಸಾಯದಲ್ಲಿ ನಿಂತಿದ್ದಾರೆ. ಎತ್ತು ಮಾಡುತ್ತಿದ್ದ ಕೆಲಸವನ್ನು ಬಹುಮಟ್ಟಿಗೆ ಟ್ರಾಕ್ಟರು ವಹಿಸಿಕೊಂಡಿದೆ.

ಈ ಜಿಲ್ಲೆಯ ತಾಲೂಕುಗಳ ನೆಲ ಒಂದೇ ಬಗೆಯದಲ್ಲ. ಚನ್ನಗಿರಿ ಎಂದರೆ ಅಡಿಕೆ ತೋಟ. ಹೊನ್ನಾಳಿ, ನ್ಯಾಮತಿಗಳಲ್ಲಿ ನೀರಿದ್ದ ಕಡೆ ಭತ್ತ, ತೋಟ. ಮಳೆಯನ್ನು ನಂಬಿದ ಕಡೆ ಮೆಕ್ಕೆಜೋಳ. ಜಗಳೂರು ಬರದ ಸೀಮೆ. ನೆಲ ಬೇರೆಯಾದಂತೆ ಕೀಳಬೇಕಾದ ಮರವೂ ಬೇರೆಯಾಗುತ್ತದೆ. ಯಂತ್ರವನ್ನು ಕೊಳ್ಳುವ ಮೊದಲು ಮರವನ್ನು ತಿಳಿಯಬೇಕೆನ್ನುವುದು ಅದಕ್ಕಾಗಿಯೇ.

ಯಾವ ಮರದ ಜೀವ ಎಲ್ಲಿದೆ?

ಬೀಳು ನೆಲದ ಮುಖ್ಯ ಶತ್ರು ಬಳ್ಳಾರಿ ಜಾಲಿ. ಸಸ್ಯಶಾಸ್ತ್ರಜ್ಞರು ಇದನ್ನು ಪ್ರೊಸೋಪಿಸ್ ಜೂಲಿಫ್ಲೋರಾ ಎನ್ನುತ್ತಾರೆ. ಇದು ನಮ್ಮ ನಾಡಿನದಲ್ಲ, ಅಮೆರಿಕಾ ಖಂಡದ್ದು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಗಳು ಒಣನೆಲಕ್ಕೆ ಸೌದೆಯ ಮರ ಬೇಕೆಂದು ಇದರ ಬೀಜ ತರಿಸಿದರು. ಸೌದೆಯೇನೋ ದೊರೆಯಿತು, ಇಂದಿಗೂ ಎಷ್ಟೋ ಬಡವರ ಒಲೆ ಉರಿಯುವುದು ಇದರಿಂದಲೇ. ಆದರೆ ಅತಿಥಿಯಾಗಿ ಬಂದ ಮರ ಕೆರೆಯಂಗಳ, ಗೋಮಾಳ, ಹೊಲಗಳನ್ನೆಲ್ಲ ತನ್ನದಾಗಿಸಿಕೊಂಡಿತು.

ಈ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡವಿದ್ದಲ್ಲಿ ಹತ್ತು ಚಿಗುರು ಏಳುತ್ತವೆ. ಕಾರಣವಿಷ್ಟೆ: ಕಾಂಡವೂ ಬೇರೂ ಸೇರುವ ಬುಡಗಂಟಿನಲ್ಲಿ ನಿದ್ರಿಸುತ್ತಿರುವ ಮೊಗ್ಗುಗಳಿರುತ್ತವೆ. ಮೇಲಿನ ಭಾಗ ಹೋದೊಡನೆ ಅವು ಎಚ್ಚರಗೊಳ್ಳುತ್ತವೆ. ಇದರ ಹತ್ತಿರದ ಸಂಬಂಧಿಯಾದ ಮೆಸ್ಕೀಟ್ ಎಂಬ ಮರ ಅಮೆರಿಕದ ಟೆಕ್ಸಾಸಿನ ಹುಲ್ಲುಗಾವಲುಗಳನ್ನು ಹೀಗೆಯೇ ಆವರಿಸಿದೆ. ಅಲ್ಲಿಯ ರೈತರು ಕಂಡುಕೊಂಡ ಉಪಾಯವೆಂದರೆ, ನೆಲದಿಂದ ಒಂದಡಿಗಿಂತ ತುಸು ಕೆಳಗೆ ಬೇರನ್ನು ಕತ್ತರಿಸಿ ಬುಡಗಂಟನ್ನು ಇಡಿಯಾಗಿ ಹೊರತೆಗೆಯುವುದು. ಅದಕ್ಕಿಂತ ಕೆಳಗಿನ ಬೇರು ಎಷ್ಟು ಉದ್ದವಿದ್ದರೂ ತಾನಾಗಿ ಚಿಗುರುವುದಿಲ್ಲ.

ಇದು ರೈತನಿಗೆ ದೊಡ್ಡ ಸಮಾಧಾನದ ಮಾತು. ಜಾಲಿಯ ತಾಯಿಬೇರು ಪಾತಾಳಕ್ಕಿಳಿಯುತ್ತದೆಂದು ಹೆದರಿ ಅದನ್ನು ಕೊನೆಯವರೆಗೂ ಹಿಂಬಾಲಿಸಬೇಕಾಗಿಲ್ಲ. ಬುಡಗಂಟು ಬಂದರೆ ಸಾಕು. ಬುಡಗಂಟು ಉಳಿದು ಕಾಂಡ ಮಾತ್ರ ಕಿತ್ತುಬಂದರೆ ಎಂಥ ಯಂತ್ರ ತಂದರೂ ಶ್ರಮ ವ್ಯರ್ಥ.

ಅಡಿಕೆಯ ಕತೆ ಇದಕ್ಕೆ ತದ್ವಿರುದ್ಧ. ಅಡಿಕೆಯ ಜೀವವೆಲ್ಲ ತುದಿಯ ಸುಳಿಯಲ್ಲಿ. ಸುಳಿ ಹೋದರೆ ಮರ ಸತ್ತಿತು, ಬುಡ ಚಿಗುರುವುದಿಲ್ಲ. ಆದುದರಿಂದ ಮುದಿ ಅಡಿಕೆಯ ಬೊಡ್ಡೆಯನ್ನು ಕೀಳಲೇಬೇಕೆಂಬ ನಿರ್ಬಂಧವಿಲ್ಲ. ಕಾಲಕ್ರಮದಲ್ಲಿ ಅದೇ ಕೊಳೆತು ಮಣ್ಣಾಗುತ್ತದೆ. ಒಂದು ಸಂದರ್ಭ ಮಾತ್ರ ಬೇರೆ. ಬುಡದಲ್ಲಿ ಅಣಬೆ ಮೂಡಿಸುವ ಅಣಬೆ ರೋಗದಿಂದ ಮರ ಸತ್ತಿದ್ದರೆ ಬೊಡ್ಡೆಯನ್ನು ಬೇರುಸಹಿತ ತೆಗೆದು ಸುಡಬೇಕು. ಆ ರೋಗ ಮಣ್ಣಿನಲ್ಲಿ ಬೇರಿನಿಂದ ಬೇರಿಗೆ ಹಬ್ಬುವಂಥದು. ಒಂದು ಬೊಡ್ಡೆಯನ್ನು ಉದಾಸೀನ ಮಾಡಿದರೆ ಪಕ್ಕದ ಸಾಲಿಗೂ ಕೇಡು.

ಇಕ್ಕಳ ಹೇಗೆ ಕೆಲಸ ಮಾಡುತ್ತದೆ?

ಮರ ಕೀಳುವ ಸಾಧನದ ತತ್ತ್ವ ಸರಳವಾದುದು. ಟ್ರಾಕ್ಟರಿನ ಹಿಂಬದಿಯಲ್ಲಿ ನೇಗಿಲು, ಕುಂಟೆಗಳನ್ನು ಸಿಕ್ಕಿಸುವ ಮೂರು ಕೊಂಡಿಗಳಿರುತ್ತವೆ: ಕೆಳಗೆ ಎರಡು, ಮೇಲೆ ಒಂದು. ಕೆಳಗಿನ ಎರಡು ತೋಳುಗಳನ್ನು ಎಣ್ಣೆಯ ಒತ್ತಡ ಮೇಲೆತ್ತುತ್ತದೆ. ಈ ಕೊಂಡಿಗಳಿಗೆ ದಪ್ಪ ಉಕ್ಕಿನ ಚೌಕಟ್ಟು ಜೋಡಿಸಿ, ಅದರ ತುದಿಯಲ್ಲಿ ಹಲ್ಲುಗಳುಳ್ಳ ಎರಡು ದವಡೆಗಳನ್ನು ಕೂರಿಸುತ್ತಾರೆ. ಟ್ರಾಕ್ಟರನ್ನು ಹಿಂದಕ್ಕೆ ನಡೆಸಿದರೆ ಮರದ ಬುಡ ದವಡೆಗಳ ನಡುವೆ ಸೇರುತ್ತದೆ. ತೋಳುಗಳು ಮೇಲೇಳುವಾಗ ಮರದ ಬಿಗಿತವೇ ದವಡೆಗಳನ್ನು ಇನ್ನಷ್ಟು ಮುಚ್ಚುತ್ತದೆ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಬಾವಿಯ ಹಗ್ಗದ ಜೀರುಗುಣಿಕೆ ಭಾರ ಬಿದ್ದಷ್ಟೂ ಬಿಗಿಯುವುದಿಲ್ಲವೆ, ಹಾಗೆ.

ಹಿಡಿಯಬೇಕಾದುದು ನೆಲಕ್ಕೆ ಆದಷ್ಟು ಸಮೀಪದಲ್ಲಿ. ಮೇಲೆ ಹಿಡಿದರೆ ಕಾಂಡ ಮುರಿದು ಬುಡಗಂಟು ನೆಲದಲ್ಲಿಯೇ ಉಳಿಯುತ್ತದೆ.

ಇದರ ಮಿತಿಯನ್ನೂ ತಿಳಿಯಬೇಕು. ನಮ್ಮಲ್ಲಿ ಸಾಮಾನ್ಯವಾದ 45 ಅಶ್ವಶಕ್ತಿಯ ಟ್ರಾಕ್ಟರಿನ ತೂಕ ಸುಮಾರು 2 ಟನ್ನು. ಅದರ ತೋಳುಗಳು ಎತ್ತಬಲ್ಲದ್ದು ಸುಮಾರು ಒಂದೂವರೆ ಟನ್ನು. ಭಾರ ಹಿಂದಕ್ಕೆ ಸರಿದಷ್ಟೂ ಅದೂ ಕಡಿಮೆಯಾಗುತ್ತದೆ. ಎಳೆಯುವ ಶಕ್ತಿಯಾದರೋ ಎಂಜಿನಿನ ಅಶ್ವಶಕ್ತಿಗಿಂತ ಹೆಚ್ಚಾಗಿ ಹಿಂದಿನ ಚಕ್ರಗಳ ಮೇಲಿನ ಭಾರವನ್ನೂ ನೆಲದ ಹಿಡಿತವನ್ನೂ ಅವಲಂಬಿಸಿದೆ. ಗಟ್ಟಿ ನೆಲದಲ್ಲಿ ಸುಮಾರು ಒಂದು ಟನ್ನಿನಷ್ಟು ಎಳೆದೀತು. ಕೆಸರಿನಲ್ಲಿ ಚಕ್ರ ಸುಮ್ಮನೆ ತಿರುಗೀತು.

ಆದುದರಿಂದ ಒಂದು ಹಗ್ಗ ಹಿಡಿದು ಹೊಲದಲ್ಲಿ ಒಂದು ಸುತ್ತು ಬನ್ನಿ. ಬುಡದ ಸುತ್ತಳತೆ ಒಂದಡಿಯೊಳಗಿದ್ದರೆ ಕಾಂಡದ ದಪ್ಪ ನಾಲ್ಕು ಅಂಗುಲದೊಳಗೆ ಎಂದಾಯಿತು. ಇಂಥ ಮರಗಳಿಗೆ ಟ್ರಾಕ್ಟರಿನ ಇಕ್ಕಳ ಯೋಗ್ಯ. ಹೊಲದಲ್ಲಿರುವುದೆಲ್ಲ ತೊಡೆಗಾತ್ರದ, ಹಳೆಯ ಮರಗಳೇ ಆಗಿದ್ದರೆ ಇಕ್ಕಳಕ್ಕೆ ಹಣ ಹಾಕುವುದಕ್ಕಿಂತ, ಹಳ್ಳಿಗರೆಲ್ಲರೂ ಜೆಸಿಬಿ ಎಂದೇ ಕರೆಯುವ ಅಗೆಯುವ ಯಂತ್ರವನ್ನು ಗಂಟೆಯ ಬಾಡಿಗೆಗೆ ತರಿಸುವುದು ಲೇಸು. ಅದರ ತೂಕ ಏಳು ಟನ್ನಿಗೂ ಮೇಲೆ. ಅದು ಮರವನ್ನು ಎಳೆಯುವುದಿಲ್ಲ, ಸುತ್ತ ಅಗೆದು ಎಬ್ಬಿಸುತ್ತದೆ.

ಮಾಡಿಸುವವರಿಗೆ ನಾಲ್ಕು ಮಾತು

ಕಬ್ಬಿಣದ ಕೆಲಸಕ್ಕೆ ಈ ಸೀಮೆ ಹೊಸದಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ, ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ನಾನಾ ಕಡೆಗೆ ಹೋದುವು. ಆ ಕಾರ್ಖಾನೆ ಈಗಿಲ್ಲ. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ಮೊದಲು ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಕಿದರೆ ಭೂಮಿ ಕೆಡುತ್ತದೆಂದು ರೈತರು ಕೊಳ್ಳಲು ಹಿಂಜರಿದರಂತೆ. ಇಂದು ಕಬ್ಬಿಣದ ಬಗ್ಗೆ ಆ ಭಯವಿಲ್ಲ. ಬೆಸುಗೆಯ ಅಂಗಡಿಯವನು ಮಾಡಿಕೊಟ್ಟುದೆಲ್ಲ ಗಟ್ಟಿಯೆಂಬ ಅತಿನಂಬಿಕೆ ಬಂದಿದೆ, ಅಪಾಯವಿರುವುದು ಅಲ್ಲಿ.

ಮೊದಲನೆಯದಾಗಿ, ಕೊಂಡಿಯ ಗೂಟಗಳ ಅಳತೆ ಟ್ರಾಕ್ಟರಿಗೆ ಸರಿಹೊಂದಬೇಕು. ಚಿಕ್ಕ ಟ್ರಾಕ್ಟರುಗಳ ಕೆಳಕೊಂಡಿಯ ಗೂಟ 22 ಮಿಲಿಮೀಟರ್, ದೊಡ್ಡವುಗಳದು 28 ಮಿಲಿಮೀಟರ್ ದಪ್ಪ. ಸಡಿಲವಾದ ಗೂಟ ಪ್ರತಿಸಲವೂ ಸುತ್ತಿಗೆಯಂತೆ ಬಡಿದು ರಂಧ್ರವನ್ನು ಹಿಗ್ಗಿಸುತ್ತದೆ. ಎರಡನೆಯದಾಗಿ, ದವಡೆಯ ಹಲ್ಲಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಒಳ್ಳೆಯ ವಸ್ತು; ಆದರೆ ಆ ಉಕ್ಕನ್ನು ಕಾಯಿಸದೆ ಬೆಸೆದರೆ ಬೆಸುಗೆಯ ಪಕ್ಕದಲ್ಲಿ ಗಾಜಿನಂತೆ ಸಿಡಿಯುತ್ತದೆ. ಹಲ್ಲುಗಳನ್ನು ಬೋಲ್ಟಿನಿಂದ ಬಿಗಿಸುವುದೇ ಮೇಲು. ಸವೆದಾಗ ಬದಲಿಸಲೂ ಸುಲಭ. ಮೂರನೆಯದಾಗಿ, ದವಡೆಗಳು ಟ್ರಾಕ್ಟರಿಗೆ ಆದಷ್ಟು ಸಮೀಪವಿರಲಿ. ಉದ್ದನೆಯ ಚೌಕಟ್ಟು ಎತ್ತುವ ಶಕ್ತಿಯನ್ನು ಕುಗ್ಗಿಸಿ ಮುಂದಿನ ಚಕ್ರಗಳನ್ನು ನೆಲದಿಂದ ಹಗುರಗೊಳಿಸುತ್ತದೆ. ನಾಲ್ಕನೆಯದು ಕಾಲದ ಮಾತು. ಮಳೆ ಬಂದ ಮರುದಿನವೇ ಹೋಗಬಾರದು. ಮೇಲ್ಮಣ್ಣು ಆರಿ ಒಳಗೆ ತೇವ ಉಳಿದಿರುವ ಹದವನ್ನು ಕಾಯಬೇಕು. ಆಗ ಚಕ್ರಕ್ಕೆ ಹಿಡಿತವೂ ಉಂಟು, ಬೇರಿಗೆ ಸಡಿಲವೂ ಉಂಟು. ಬಿತ್ತುವ ಹದ ಅರಿತವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಒಂದೂವರೆ ಸೆಕೆಂಡು

ಇಕ್ಕಳಕ್ಕೆ ಬಗ್ಗದ ಮರವನ್ನು ಸರಪಳಿ ಕಟ್ಟಿ ಎಳೆಯುವ ಆಸೆ ಯಾರಿಗಾದರೂ ಬರುತ್ತದೆ. ಪ್ರಾಣಕ್ಕೆ ಎರವಾಗುವುದು ಈ ಹಂತದಲ್ಲಿಯೇ. ಮರ ಕದಲದೆ, ಹಿಂದಿನ ಚಕ್ರಗಳೂ ತಿರುಗದೆ ನಿಂತರೆ, ಎಂಜಿನಿನ ಬಲ ಬೇರೆ ದಾರಿ ಕಾಣದೆ ಟ್ರಾಕ್ಟರಿನ ಒಡಲನ್ನೇ ಹಿಂದಿನ ಅಚ್ಚಿನ ಸುತ್ತ ತಿರುಗಿಸುತ್ತದೆ. ಮುಂದಿನ ಚಕ್ರಗಳು ಮೇಲೇಳುತ್ತವೆ. ಟ್ರಾಕ್ಟರು ಹಿಮ್ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಇದಕ್ಕೆ ಒಂದೂವರೆ ಸೆಕೆಂಡು ಸಾಕು. ಕ್ಲಚ್ಚು ತುಳಿಯಬೇಕೆಂದು ಹೊಳೆಯುವುದರೊಳಗೆ ಎಲ್ಲ ಮುಗಿದಿರುತ್ತದೆ.

ಟ್ರಾಕ್ಟರುಗಳ ಆರಂಭಕಾಲದಲ್ಲಿ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡು ಹೀಗೆಯೇ ಅನೇಕರು ಸತ್ತರು. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಮೂರು ಕೊಂಡಿಗಳ ಜೋಡಣೆಯನ್ನು ರೂಪಿಸಿದಾಗ ಈ ಅಪಾಯವನ್ನು ತಪ್ಪಿಸುವುದೂ ಅವನ ಉದ್ದೇಶಗಳಲ್ಲೊಂದಾಗಿತ್ತು. 1939ರಲ್ಲಿ ಹೆನ್ರಿ ಫೋರ್ಡನ ಜೊತೆಗೂಡಿ ಅವನು ಹೊರತಂದ ಟ್ರಾಕ್ಟರಿನಿಂದ ಆ ಜೋಡಣೆ ಲೋಕಪ್ರಸಿದ್ಧವಾಯಿತು. ಇಂದು ಸಾಮಾನ್ಯವಾಗಿ ಎಲ್ಲ ಟ್ರಾಕ್ಟರುಗಳಲ್ಲಿರುವುದೂ ಅದೇ. ಅದನ್ನು ಬಿಟ್ಟು ಸರಪಳಿಯನ್ನು ಮೇಲಿನ ಕೊಂಡಿಗೋ ಅಚ್ಚಿಗೋ ಕಟ್ಟುವವನು ಆ ರಕ್ಷೆಯನ್ನು ಕೈಯಾರೆ ಕಳೆದುಕೊಳ್ಳುತ್ತಾನೆ.

ಎಳೆಯಲೇಬೇಕಾದರೆ ಸರಪಳಿಯನ್ನು ನೆಲಕ್ಕೆ ಸಮೀಪವಾಗಿರುವ ಡ್ರಾಬಾರಿಗೆ ಮಾತ್ರ ಕಟ್ಟಬೇಕು. ಅದಕ್ಕಿಂತ ಒಂದಂಗುಲ ಮೇಲಕ್ಕೂ ಕೂಡದು. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಬಿಗಿಯಬೇಕು, ಓಡಿಬಂದು ಜಗ್ಗಬಾರದು. ಸರಪಳಿ ಕಡಿದರೆ ಅದರ ತುದಿ ಚಾಟಿಯಂತೆ ಬೀಸಿಬರುವುದರಿಂದ ಅದರ ಉದ್ದದ ಒಂದೂವರೆಯಷ್ಟು ದೂರದೊಳಗೆ ಯಾರೂ ನಿಂತಿರಬಾರದು. ರಜೆಗೆ ಊರಿಗೆ ಹೋದ ಮಕ್ಕಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಳ್ಳುವ ವಾಡಿಕೆ ನಮ್ಮಲ್ಲಿದೆ. ಈ ಕೆಲಸದ ದಿನ ಮಕ್ಕಳು ಹೊಲದಲ್ಲಿಯೇ ಇರಕೂಡದು.

ಕೀಳಬಾರದ ಮರಗಳೂ ಉಂಟು

ಜಾಲಿ ಎಂಬ ಹೆಸರು ಹೊತ್ತದ್ದೆಲ್ಲ ಶತ್ರುವಲ್ಲ. ಬಂಡಿಗೂ ನೇಗಿಲಿಗೂ ತಲೆತಲಾಂತರದಿಂದ ಮರ ಒದಗಿಸಿದ ಕರಿಜಾಲಿ ನಮ್ಮ ನೆಲದ್ದೇ. ಅದರ ಹೂ ಹಳದಿಯ ಪುಟ್ಟ ಚೆಂಡು. ಕಾಯಿ ಮಣಿಸರದಂತೆ ನಡುನಡುವೆ ಕಿರಿದಾಗಿರುತ್ತದೆ. ಬಳ್ಳಾರಿ ಜಾಲಿಯ ಹೂ ಉದ್ದನೆಯ ಕದಿರು. ಹಣ್ಣಾದ ಕಾಯಿ ಹಳದಿ, ಸಿಹಿ.

ಸ್ವಂತ ಹೊಲದ ಮರವನ್ನು ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಪ್ರೊಸೋಪಿಸ್, ನೀಲಗಿರಿ, ತೆಂಗು ಮೊದಲಾದ ಕೆಲವಕ್ಕೆ ಕಾಯ್ದೆ ವಿನಾಯಿತಿ ನೀಡಿದೆ. ಬದುವಿನ ಬೇವು, ಹೊಂಗೆಗಳನ್ನೂ ಅದೇ ಭರದಲ್ಲಿ ಕಿತ್ತುಹಾಕುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯ. ಬದುವಿನ ಮಣ್ಣನ್ನು ಹಿಡಿದಿರುವುದು ಆ ಬೇರುಗಳೇ ಎಂಬುದನ್ನು ಮರೆಯಬಾರದು.

ಕಿತ್ತ ಮೇಲೆ

ಸ್ವಾತಂತ್ರ್ಯ ಬಂದ ವರ್ಷ, 1947ರಲ್ಲಿ, ಬೀಳುಬಿದ್ದ ನೆಲವನ್ನು ಸಾಗುವಳಿಗೆ ತರಲು ಭಾರತ ಸರ್ಕಾರ ಕೇಂದ್ರ ಟ್ರಾಕ್ಟರ್ ಸಂಸ್ಥೆಯನ್ನು ಸ್ಥಾಪಿಸಿತು. 1949ರಲ್ಲಿ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲ ತಂದು ದೊಡ್ಡ ಟ್ರಾಕ್ಟರುಗಳನ್ನು ಕೊಂಡು, ಮಧ್ಯಭಾರತದಲ್ಲಿ ಆಳವಾಗಿ ಬೇರೂರಿದ್ದ ಕಾನ್ಸ್ ಹುಲ್ಲನ್ನು ಬುಡಸಹಿತ ಉತ್ತು ತೆಗೆಸಿತು. ಒಮ್ಮೆ ಆಳವಾಗಿ ಉತ್ತ ನೆಲವನ್ನು ರೈತ ಮುಂದೆಯೂ ಉಳುತ್ತ ಬರಬೇಕೆಂಬುದು ಅಂಥ ಕಾರ್ಯದಲ್ಲೆಲ್ಲ ಅನ್ವಯಿಸುವ ನಿಯಮ.

ಬಳ್ಳಾರಿ ಜಾಲಿಯ ವಿಷಯದಲ್ಲಂತೂ ಈ ನಿಯಮ ಕಟ್ಟುನಿಟ್ಟು. ಸಿಹಿಯಾದ ಕಾಯಿಯನ್ನು ಆಡು, ದನಗಳು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಜೀರ್ಣವಾಗದೆ ಸಗಣಿಯಲ್ಲಿ, ಹಿಕ್ಕೆಯಲ್ಲಿ ಹೊಲದ ತುಂಬ ಬೀಳುತ್ತದೆ. ಕೆಲವು ಆ ವರ್ಷವೇ ಮೊಳೆತರೆ, ಕೆಲವು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತವೆ. ಈ ಸಸಿಗಳಿಗೆ ಇಕ್ಕಳವೂ ಬೇಡ, ಜೆಸಿಬಿಯೂ ಬೇಡ; ಎಳೆಯದಿದ್ದಾಗ ಒಂದು ಕುಂಟೆ, ಒಂದು ಕುರ್ಚಿಗೆ ಸಾಕು. ಆದರೆ ಅದನ್ನು ಹಿಡಿಯುವ ಕೈ ಪ್ರತಿ ಮುಂಗಾರಿನಲ್ಲೂ ಹೊಲದಲ್ಲಿರಬೇಕು.

ಆದುದರಿಂದ ಇಕ್ಕಳಕ್ಕೆ ಪಾಲು ಕೊಡುವ ಮುನ್ನ ಇಷ್ಟನ್ನು ಇತ್ಯರ್ಥ ಮಾಡಿಕೊಳ್ಳಿ: ಮರಗಳ ಸುತ್ತಳತೆ ಎಷ್ಟು, ಟ್ರಾಕ್ಟರು ನಡೆಸುವವರು ಯಾರು, ಮರ ಕಿತ್ತ ವರ್ಷ ಆ ಹೊಲದಲ್ಲಿ ಬಿತ್ತುವವರು ಯಾರು. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅವರಿವರಿಗೆ ಕೋರಿಗಾದರೂ ಹೊಲ ಕೊಟ್ಟು ಉಳುಮೆ ನಡೆಯುವಂತೆ ನೋಡಿಕೊಳ್ಳಿ. ಇಲ್ಲವಾದರೆ ನಾಲ್ಕು ಮಳೆಗಾಲ ಕಳೆಯುವುದರೊಳಗೆ ಅದೇ ಹೊಲಕ್ಕೆ ಅದೇ ಇಕ್ಕಳವನ್ನು ಮತ್ತೆ ಕೊಂಡೊಯ್ಯಬೇಕಾದೀತು.