ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆಯ ನಂತರ ಆಹಾರ ಮತ್ತು ವ್ಯಾಯಾಮ

ಅಂಡಾಶಯದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಹಾಗೂ ಕೀಮೋಥೆರಪಿ ಮುಗಿದ ಬಳಿಕ ಮಹಿಳೆಯರು ದೈಹಿಕ ಶಕ್ತಿಯನ್ನು ಮರಳಿ ಪಡೆಯಲು ಆಹಾರ ಮತ್ತು ವ್ಯಾಯಾಮಗಳು ನೆರವಾಗುತ್ತವೆ. ಇವು ಚಿಕಿತ್ಸೆಗೆ ಪರ್ಯಾಯವಲ್ಲ; ರೋಗವು ಮರುಕಳಿಸುವುದನ್ನು ಇವು ತಡೆಯುತ್ತವೆ ಎಂಬುದೂ ಸಿದ್ಧವಾಗಿಲ್ಲ. ಆದರೆ ವ್ಯಾಯಾಮದಿಂದ ದಣಿವು ತಗ್ಗಿ ಜೀವನದ ಗುಣಮಟ್ಟ ಸುಧಾರಿಸುತ್ತದೆ ಎಂಬುದಕ್ಕೆ ಆಧಾರಗಳಿವೆ.

ಚಿಕಿತ್ಸೆಯ ಪರಿಣಾಮಗಳು

ಈ ರೋಗದ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎರಡೂ ಅಂಡಾಶಯಗಳನ್ನು ಮತ್ತು ಗರ್ಭಕೋಶವನ್ನು ತೆಗೆಯಲಾಗುತ್ತದೆ. ಕೆಲವರಲ್ಲಿ ಕರುಳಿನ ಒಂದು ಭಾಗವನ್ನೂ ತೆಗೆಯಬೇಕಾಗುತ್ತದೆ. ಋತುಬಂಧವಾಗದ ಮಹಿಳೆಯರಲ್ಲಿ ಅಂಡಾಶಯಗಳನ್ನು ತೆಗೆದಾಗ ಈಸ್ಟ್ರೋಜನ್ ಪ್ರಮಾಣವು ಒಮ್ಮೆಲೇ ಕುಸಿದು, ಮೂಳೆಗಳು ಬೇಗನೆ ಸವೆಯತೊಡಗುತ್ತವೆ. ಕೀಮೋಥೆರಪಿಯಲ್ಲಿ ಕಾರ್ಬೋಪ್ಲಾಟಿನ್ ಜೊತೆಗೆ ನೀಡಲಾಗುವ ಪ್ಯಾಕ್ಲಿಟ್ಯಾಕ್ಸೆಲ್ ಔಷಧವು ನರಗಳಿಗೆ ಹಾನಿ ಮಾಡುವುದರಿಂದ ಕೈಕಾಲುಗಳಲ್ಲಿ ಜೋಮು, ಚುಚ್ಚಿದಂತಹ ಅನುಭವ ಅಥವಾ ನೋವು ಉಳಿಯಬಹುದು. ವಿಶ್ರಾಂತಿಯಿಂದಲೂ ನೀಗದ ಆಯಾಸ, ಸ್ನಾಯುಗಳ ಕ್ಷೀಣತೆ ಮತ್ತು ಹಸಿವಿಲ್ಲದಿರುವುದು ಇತರ ಸಾಮಾನ್ಯ ತೊಂದರೆಗಳು.

ವ್ಯಾಯಾಮ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ನಡೆದ 'ವಾಲ್ಕ್' ಎಂಬ ಪ್ರಯೋಗದಲ್ಲಿ ಚಿಕಿತ್ಸೆ ಪೂರೈಸಿದ 144 ಮಹಿಳೆಯರು ಭಾಗವಹಿಸಿದ್ದರು. ಒಂದು ಗುಂಪಿನವರಿಗೆ ಆರು ತಿಂಗಳ ಕಾಲ ದೂರವಾಣಿಯ ಮೂಲಕ ಮಾರ್ಗದರ್ಶನ ನೀಡಿ, ವಾರಕ್ಕೆ 150 ನಿಮಿಷಗಳ ವ್ಯಾಯಾಮದ ಗುರಿಯನ್ನು ಇರಿಸಲಾಗಿತ್ತು. ಅವರು ಮುಖ್ಯವಾಗಿ ಮಾಡಿದ್ದು ಚುರುಕಾದ ನಡಿಗೆ. 2017ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಇನ್ನೊಂದು ಗುಂಪಿಗೆ ಹೋಲಿಸಿದರೆ ಇವರ ದೈಹಿಕ ಆರೋಗ್ಯಕ್ಕೆ ಸಂಬಂಧಿಸಿದ ಜೀವನದ ಗುಣಮಟ್ಟ ಉತ್ತಮಗೊಂಡಿತ್ತು. ಇದೇ ಪ್ರಯೋಗದ ಮಾಹಿತಿಯನ್ನು ಆಧರಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯು ನರಹಾನಿಯ ಲಕ್ಷಣಗಳೂ ತಗ್ಗಿದುದನ್ನು ತೋರಿಸಿತು.

ನಡಿಗೆಯ ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಬಲವನ್ನು ಹೆಚ್ಚಿಸುವ ವ್ಯಾಯಾಮ ಮಾಡುವಂತೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು ಶಿಫಾರಸು ಮಾಡುತ್ತದೆ. ಬಹಳ ದಣಿದಿರುವವರು ದಿನಕ್ಕೆ ಐದು ಹತ್ತು ನಿಮಿಷಗಳಿಂದ ಆರಂಭಿಸಿ ಕ್ರಮೇಣ ಅವಧಿಯನ್ನು ಹೆಚ್ಚಿಸಬಹುದು. ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಬೀಳುವ ಮತ್ತು ಅರಿವಿಲ್ಲದೆ ಗಾಯವಾಗುವ ಅಪಾಯವಿರುವುದರಿಂದ ಗಟ್ಟಿಯಾದ ಪಾದರಕ್ಷೆ ಹಾಗೂ ಸಮತಟ್ಟಾದ ಹಾದಿ ಅಗತ್ಯ. ಉದರದ ಶಸ್ತ್ರಚಿಕಿತ್ಸೆಯ ನಂತರ ಭಾರ ಎತ್ತುವ ಮುನ್ನ ವೈದ್ಯರ ಅನುಮತಿ ಪಡೆಯಬೇಕು.

ಆಹಾರ

ಚೇತರಿಕೆಯ ಕಾಲದಲ್ಲಿ ಸ್ನಾಯುಗಳ ಪುನರ್ನಿರ್ಮಾಣಕ್ಕೆ ಸಾಕಷ್ಟು ಪ್ರೋಟೀನ್ ದೊರೆಯಬೇಕು. ಬೇಳೆಕಾಳು, ಹಾಲು, ಮೊಸರು, ಮೊಟ್ಟೆ ಮತ್ತು ಮೀನು ಇದರ ಮೂಲಗಳು. ಮೂಳೆಗಳಿಗೆ ಬೇಕಾದ ಕ್ಯಾಲ್ಸಿಯಂ ಹಾಲಿನ ಉತ್ಪನ್ನಗಳಲ್ಲದೆ ರಾಗಿ ಮತ್ತು ಎಳ್ಳಿನಿಂದಲೂ ಲಭಿಸುತ್ತದೆ. ಹಸಿವಿಲ್ಲದವರಿಗೆ ಮೂರು ದೊಡ್ಡ ಊಟಗಳಿಗಿಂತ ಆಗಾಗ್ಗೆ ಸೇವಿಸುವ ಸಣ್ಣ ಪ್ರಮಾಣದ ಆಹಾರ ಅನುಕೂಲಕರ. ತೂಕ ಇಳಿಯುತ್ತಿರುವವರು ಪಥ್ಯದ ಹೆಸರಿನಲ್ಲಿ ಊಟವನ್ನು ಮತ್ತಷ್ಟು ಕಡಿತಗೊಳಿಸುವುದು ಹಾನಿಕರ.

ಸಾಮಾನ್ಯವಾಗಿ ತರಕಾರಿ, ಹಣ್ಣು ಹಾಗೂ ಇಡಿಧಾನ್ಯಗಳನ್ನು ಹೆಚ್ಚಾಗಿ ಸೇವಿಸುವಂತೆ ಸೂಚಿಸಲಾಗುತ್ತದೆ. ಆದರೆ ಇದು ಎಲ್ಲರಿಗೂ ಒಪ್ಪುವ ಸಲಹೆಯಲ್ಲ. ಶಸ್ತ್ರಚಿಕಿತ್ಸೆಯ ಕಲೆಗಳಿಂದ ಅಥವಾ ಉಳಿದ ಗೆಡ್ಡೆಗಳಿಂದ ಕರುಳು ಕಿರಿದಾಗಿದ್ದರೆ ನಾರಿನಂಶವು ಅಲ್ಲಿ ಸಿಕ್ಕಿಕೊಂಡು ಕರುಳಿನ ಮಾರ್ಗವನ್ನೇ ಮುಚ್ಚಬಹುದು. ಅಂಥವರಿಗೆ ವೈದ್ಯರು ನಾರಿನಂಶ ಕಡಿಮೆಯಿರುವ ಮೃದು ಆಹಾರವನ್ನು ಸೂಚಿಸುತ್ತಾರೆ. ಹೊಟ್ಟೆ ಉಬ್ಬರ, ತೀವ್ರ ನೋವು, ವಾಂತಿ ಹಾಗೂ ಮಲವಿಸರ್ಜನೆ ನಿಲ್ಲುವುದು ಕರುಳಿನ ತಡೆಯ ಲಕ್ಷಣಗಳಾಗಿದ್ದು, ಅವು ಕಂಡುಬಂದರೆ ತಕ್ಷಣ ಆಸ್ಪತ್ರೆಗೆ ತೆರಳಬೇಕು.

ಔಷಧಗಳೊಂದಿಗಿನ ಸಂಬಂಧ

ಕೆಲವು ಆಹಾರಗಳು ಔಷಧದ ಪರಿಣಾಮವನ್ನು ಬದಲಿಸುತ್ತವೆ. ಉದಾಹರಣೆಗೆ, ರೋಗ ಹತೋಟಿಗೆ ಬಂದ ನಂತರ ಅದನ್ನು ಹಾಗೆಯೇ ಕಾಯ್ದುಕೊಳ್ಳಲು ಒಲಾಪರಿಬ್ ಸೇವಿಸುವವರು ಗ್ರೇಪ್‌ಫ್ರೂಟ್ ಹಣ್ಣನ್ನು ತಿನ್ನಬಾರದು. ಅದು ರಕ್ತದಲ್ಲಿ ಔಷಧದ ಪ್ರಮಾಣವನ್ನು ಹೆಚ್ಚಿಸಬಲ್ಲದು. ಗಿಡಮೂಲಿಕೆ ಮತ್ತು ಪೂರಕ ಮಾತ್ರೆಗಳನ್ನು ಬಳಸುವ ಮುನ್ನ ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸುವುದು ಅವಶ್ಯಕ.

ರೋಗದ ಮರುಕಳಿಕೆ

ಮುಂದುವರಿದ ಹಂತದಲ್ಲಿ ಪತ್ತೆಯಾದ ಅಂಡಾಶಯದ ಕ್ಯಾನ್ಸರ್ ಬಹುಪಾಲು ಮಹಿಳೆಯರಲ್ಲಿ ಮರುಕಳಿಸುತ್ತದೆ. ಇದಕ್ಕೆ ಅವರ ಊಟವಾಗಲಿ, ನಡೆಯದೆ ಉಳಿದ ದಿನಗಳಾಗಲಿ ಕಾರಣವೆಂದು ಹೇಳಲು ಆಧಾರವಿಲ್ಲ. ಆಹಾರ ಮತ್ತು ವ್ಯಾಯಾಮಗಳ ಖಚಿತವಾದ ಪ್ರಯೋಜನವು ಅವರ ನಿತ್ಯದ ಬದುಕಿಗೆ ಸಂಬಂಧಿಸಿದುದು: ಮೆಟ್ಟಿಲು ಹತ್ತುವ, ಮನೆಗೆಲಸ ಮಾಡುವ ಮತ್ತು ಅಗತ್ಯವಾದರೆ ಮುಂದಿನ ಚಿಕಿತ್ಸೆಯನ್ನು ತಾಳಿಕೊಳ್ಳುವ ಶಕ್ತಿಯನ್ನು ಕಾಪಾಡಿಕೊಳ್ಳುವುದು.