ಸಂಜೆ ಐದರ ಮೇಲೆ ವರ್ಕ್‌ಶಾಪ್

ಮುಂಗಾರು ಹನಿದು ತೊಗರಿ ಬಿತ್ತನೆಗೆ ಎರೆಹೊಲ ಹದಕ್ಕೆ ಬರುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ತೆಂಗಳಿಯಂಥ ಊರುಗಳಲ್ಲಿ ಇನ್ನೊಂದು ಲೆಕ್ಕಾಚಾರ ಶುರುವಾಗಿರುತ್ತದೆ. ಸಿಇಟಿ ರ‍್ಯಾಂಕ್ ಬಂದಿದೆ, ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಒಂದರ ಕೆಳಗೊಂದು ತುಂಬಬೇಕು. ಕಟ್ಟೆಯ ಮೇಲೆ ಕೂತವರು ಕೇಳುವುದು, ‘ಫೀ ಎಷ್ಟದ? ನೌಕರಿ ಸಿಗತದೇನು?’ ಓದಲು ಹೊರಟ ಹುಡುಗಿಯ ಮನಸ್ಸಿನಲ್ಲಿರುವುದು ಬೇರೆಯೇ: ಅಲ್ಲಿ ಗಾಡಿ ಕಟ್ಟುತ್ತಾರಾ, ರೋಬೋಟ್ ಮಾಡುತ್ತಾರಾ, ಸ್ಪರ್ಧೆಗೆ ಹೋಗುತ್ತಾರಾ?

ಈ ಸೀಮೆಯ ಮಕ್ಕಳಿಗೆ ಯಂತ್ರದ ಸದ್ದು ಹೊಸತೇನಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆ, ಜಂಕ್ಷನ್ನಿನ ಗೂಡ್ಸ್ ರೈಲು, ಶಹಾಬಾದದಲ್ಲಿ ನೀರು ಚಿಮ್ಮಿಸುತ್ತ ಪರಸಿ ಕಲ್ಲು ಕೊಯ್ಯುವ ಗರಗಸಗಳ ಕಿರುಗುಟ್ಟುವಿಕೆ ಕೇಳುತ್ತಲೇ ಬೆಳೆದವರು. ಲೆಕ್ಕವೂ ಹೊಸತಲ್ಲ: ಸೇಡಂ ದಾರಿಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತದ ಗ್ರಂಥ ಬರೆದದ್ದು 9ನೇ ಶತಮಾನದಲ್ಲಿ.

ಬನ್ನಿ, ಕ್ಲಾಸು ಬಿಟ್ಟ ಮೇಲೆ ಯಾವುದಾದರೂ ಕಾಲೇಜಿನ ವರ್ಕ್‌ಶಾಪಿಗೆ ಹೋಗೋಣ. ಬಾಗಿಲಲ್ಲೇ ಸುಟ್ಟ ಕಬ್ಬಿಣದ ವಾಸನೆ, ಗ್ರೈಂಡರಿನ ಕೂಗು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿಯ ಪೂರ್ಣ ಅಳತೆಯ ಗೆರೆ. ಉಕ್ಕಿನ ಪೈಪು ಕೊಯ್ಯುವ ಮೊದಲು ಪಿವಿಸಿ ಪೈಪಿನಲ್ಲೇ ಚೌಕಟ್ಟು ಕಟ್ಟಿ, ತಂಡದ ಅತಿ ಎತ್ತರದ ಹುಡುಗನನ್ನು ಒಳಗೆ ಕೂರಿಸಿ ತಲೆಗೂ ಪೈಪಿಗೂ ನಡುವಿನ ಜಾಗ ಅಳೆಯುತ್ತಿದ್ದಾರೆ. ಮೂಲೆಯಲ್ಲಿ ಬೆಸುಗೆಯ ತುಂಡುಗಳು: ಜೋಡಿಸಿ, ಮತ್ತೆ ಬೇಕೆಂದೇ ಮುರಿದು, ಬೆಸುಗೆ ಒಳಗಿನವರೆಗೂ ಹಿಡಿದಿದೆಯೇ ಎಂದು ನೋಡಿದವು. ‘ಕೈ ನಡುಗಸಬ್ಯಾಡವ್ವಾ, ನಿಧಾನಕ್ಕ ಎಳಿ’ ಎನ್ನುತ್ತ ಸೀನಿಯರ್ ತನ್ನ ಕೈಲಿದ್ದ ಬೆಸುಗೆಯ ಟಾರ್ಚನ್ನು ಎರಡನೇ ವರ್ಷದ ಹುಡುಗಿಗೆ ಕೊಡುತ್ತಾನೆ. ನನ್ನ ಕಣ್ಣು ಆ ಕೈ ಬದಲಾವಣೆಯ ಮೇಲೆಯೇ ನಿಲ್ಲುತ್ತದೆ.

2007ರಲ್ಲಿ ನಮ್ಮ ದೇಶದಲ್ಲಿ ಶುರುವಾದ, ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಓಡಿಸುವ ಬಾಹಾ (BAJA) ಸ್ಪರ್ಧೆಯ ಗಾಡಿಗಳು ಹೀಗೆಯೇ ಹುಟ್ಟುತ್ತವೆ. ಗುಂಡಿ ದಿಬ್ಬಗಳ ದಾರಿಯಲ್ಲಿ ನಾಲ್ಕು ತಾಸು ಸತತ ಓಡಿ ಉಳಿದ ಗಾಡಿಗೇ ಅಲ್ಲಿ ಬೆಲೆ. ಗಾಡಿಯಷ್ಟೇ ಅಲ್ಲ: ಬೆಂಗಳೂರು ಮತ್ತು ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಮಾಡಿದ, ಒಂದು ಕಿಲೋ ತೂಕವೂ ಇಲ್ಲದ ಸ್ಟಡ್‌ಸ್ಯಾಟ್ ಉಪಗ್ರಹ 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಆಕಾಶಕ್ಕೇರಿತು.

ಬೆಂಗಳೂರಿನ ಹೆಸರು ದೊಡ್ಡದು, ನಿಜ. ಕಲಬುರಗಿಯಲ್ಲಿಯೂ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ. ಸಂವಿಧಾನದ 371ಜೆ ವಿಧಿಯಡಿ ಈ ಭಾಗದವರಿಗೆ ಸಿಗುವ ಸರ್ಟಿಫಿಕೇಟ್ ಕೈಯಲ್ಲಿದ್ದರೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗೆ ಶೇ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ಎರಡೂ ದಾರಿ ತೆರೆದಿವೆ. ಹಣದ ಮಾತಿಗೆ, ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದಲೂ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತ ಬಂದಿದೆ. ಅದಕ್ಕೆ ಅರ್ಜಿ ಹಾಕಿಸುವ ಮೇಷ್ಟ್ರು ಯಾವ ಕಾಲೇಜಿನಲ್ಲಿದ್ದಾರೆ ಎಂಬುದನ್ನು ವಿಚಾರಿಸಬೇಕು.

ಕಪಾಟಿನ ಕಪ್ಪುಗಳನ್ನು ಎಲ್ಲ ಕಾಲೇಜಿನವರೂ ತೋರಿಸುತ್ತಾರೆ. ನಾನಾದರೆ ಹೋದ ವರ್ಷದ ಗಾಡಿ ಎಲ್ಲಿದೆ ಎಂದು ಕೇಳುತ್ತೇನೆ. ಅದನ್ನು ಬಿಚ್ಚಿ ಹೊಸಬರಿಗೆ ಕಲಿಸುತ್ತಾರಾ? ವರ್ಕ್‌ಶಾಪಿನ ಬೀಗ ರಾತ್ರಿ ಎಷ್ಟಕ್ಕೆ ಬೀಳುತ್ತದೆ? ಆ ಹೊತ್ತಿನಲ್ಲಿ ಹುಡುಗಿಯರು ಹಾಸ್ಟೆಲ್ ಸೇರಲು ವ್ಯವಸ್ಥೆ ಇದೆಯಾ? ದೂರದ ದೊಡ್ಡ ಕಾಲೇಜಿನಲ್ಲಿ ಮೂರನೇ ವರ್ಷದವರೆಗೆ ಸ್ಪ್ಯಾನರ್ ಎತ್ತಿಕೊಡುವುದಕ್ಕಿಂತ, ಮೊದಲ ವರ್ಷದಲ್ಲೇ ಕೈಗೆ ಟಾರ್ಚ್ ಕೊಡುವ ಹತ್ತಿರದ ಕಾಲೇಜನ್ನೇ ನಾನು ಆಪ್ಷನ್ ಪಟ್ಟಿಯಲ್ಲಿ ಮೇಲೆ ಬರೆಯುತ್ತೇನೆ.